ಕೇರೆ ಹಾವು ಮೂರು ವಾರದಿಂದ ಏನೂ ತಿಂದಿಲ್ಲ, ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಕನಕಪುರ ರಸ್ತೆಯಲ್ಲಿ, ತಲಘಟ್ಟಪುರದ ಹತ್ತಿರ. ಪಕ್ಕದ ಖಾಲಿ ಸೈಟಿನಲ್ಲಿ ಪಾಯ ತೆಗೆಯಲು ಜೆಸಿಬಿ ಬಂದಾಗ ಪೊದೆಯಿಂದ ಒಂದು ದೊಡ್ಡ ಹಾವು ಹೊರಗೆ ಬಂತು. ಕೆಲಸದವರು ದೊಣ್ಣೆ ಹಿಡಿದು ನಿಂತರು. ಪಿಯುಸಿ ಓದುವ ನನ್ನ ಮಗ ಅಡ್ಡ ಬಂದು, ಅದನ್ನು ನೀರಿನ ಡ್ರಮ್ಮಿಗೆ ಇಳಿಸಿ ಮನೆಗೆ ತಂದ. ಕೇರೆ ಹಾವು, ವಿಷ ಇಲ್ಲ ಅಂತ ಎಲ್ಲರೂ ಹೇಳಿದರು. ಹಳೇ ಮೀನಿನ ಗಾಜಿನ ತೊಟ್ಟಿಯಲ್ಲಿ ಇಟ್ಟು ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದೇವೆ. ಇವತ್ತಿಗೆ 22 ದಿನ. ಹಾಲು ಇಟ್ಟೆವು, ಮೊಟ್ಟೆ ಇಟ್ಟೆವು, ಬೋನಿಗೆ ಬಿದ್ದ ಇಲಿಯನ್ನೂ ಬಿಟ್ಟೆವು. ಏನೂ ಮುಟ್ಟಿಲ್ಲ. ಮೂತಿ ಸುಲಿದು ಕೆಂಪಗಾಗಿದೆ. ಎರಡು ದಿನದಿಂದ ಕಣ್ಣು ಮಂಜಾಗಿದೆ, ಕುರುಡಾಗುತ್ತಿದೆಯಾ? ಕೇರೆ ಬಾಲ ತಾಗಿದರೆ ಕೈ ಕೊಳೆಯುತ್ತದೆ ಅಂತ ಅತ್ತೆ ಹೆದರಿಸುತ್ತಾರೆ. ಮಗನಿಗೆ ಇದನ್ನು ಸಾಕುವ ಆಸೆ. ಅಮೆರಿಕದಲ್ಲಿ ಮನೆಯೊಳಗೆ ರ‍್ಯಾಟ್ ಸ್ನೇಕ್ ಸಾಕುವ ವಿಡಿಯೋ ತೋರಿಸುತ್ತಾನೆ. ಇದು ಆರೋಗ್ಯವಾಗಿರಲು ನಾವು ಏನು ಮಾಡಬೇಕು?

ಉತ್ತರ: ಮೊದಲು ನಿಮ್ಮ ಮಗನಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ದೊಣ್ಣೆ ಹಿಡಿದವರ ಮುಂದೆ ಹಾವಿನ ಪರ ನಿಲ್ಲುವುದು ಸುಲಭ ಅಲ್ಲ. ಅವತ್ತು ಅವನು ನಿಲ್ಲದಿದ್ದರೆ ಅದು ಅಲ್ಲೇ ಸಾಯುತ್ತಿತ್ತು. ಆದರೆ ಆಮೇಲಿನ 22 ದಿನ ಹಾವಿಗೆ ತುಂಬಾ ಕಷ್ಟದ ದಿನಗಳು. ನೀವು ಇಷ್ಟು ಕಾಳಜಿಯಿಂದ ಕೇಳಿದ್ದೀರಿ, ಹಾಗಾಗಿ ನಾನೂ ಏನನ್ನೂ ಮುಚ್ಚಿಡದೆ ಹೇಳುತ್ತೇನೆ.

ನೀವು ಕಳಿಸಿದ ಫೋಟೋ ನೋಡಿದೆ. ಕೇರೆಯೇ, ಅನುಮಾನ ಇಲ್ಲ. ದೊಡ್ಡ ದುಂಡು ಕಣ್ಣು, ತುಟಿಯ ಮೇಲೆ ಪೆನ್ನಿನಲ್ಲಿ ಗೀಚಿದ ಹಾಗೆ ಕಪ್ಪು ಗೆರೆಗಳು, ಸಣ್ಣ ಕುತ್ತಿಗೆ. ಆದರೂ ಒಂದು ಮಾತು. ಮೈಬಣ್ಣ ನೋಡಿ ಕೇರೆ ಅಂದುಕೊಂಡು ನಾಗರಹಾವಿಗೆ ಕೈ ಹಾಕಿದವರನ್ನು ನಾನು ನೋಡಿದ್ದೇನೆ. ನಾಗರ ಯಾವಾಗಲೂ ಹೆಡೆ ಎತ್ತಿಕೊಂಡೇ ಇರುವುದಿಲ್ಲ. ಮುಂದಿನ ಸಲ ಮಗ ಜನರನ್ನು ತಡೆಯಲಿ, ದೂರ ನಿಂತು ಹಾವನ್ನು ಕಣ್ಣಲ್ಲೇ ಕಾಯಲಿ, ಫೋನ್ ಮಾಡಲಿ. ಕೈ ಹಾಕುವುದು ಬೇಡ.

ನಿಮ್ಮ ಮುಖ್ಯ ಚಿಂತೆ ಇದು ತಿನ್ನುತ್ತಿಲ್ಲ, ಸತ್ತುಹೋಗುತ್ತದೇನೋ ಅನ್ನುವುದು. ಬೆಳೆದ, ಮೈತುಂಬಿಕೊಂಡ ಕೇರೆ ಮೂರು ವಾರದ ಉಪವಾಸಕ್ಕೆ ಸಾಯುವುದಿಲ್ಲ. ನೀರಿಲ್ಲದೆ ಸಾಯಬಹುದು, ಬಾಲ್ಕನಿಯ ಬಿಸಿಲಿಗೆ ಸಾಯಬಹುದು, ಮೂತಿಯ ಗಾಯ ಬಾಯೊಳಗೆ ಇಳಿದು ಸಾಯಬಹುದು. ಊಟ ಬಿಟ್ಟಿರುವುದು ಕಾಯಿಲೆ ಅಲ್ಲ, ಕಾಯಿಲೆಯ ಗುರುತು. ಕಾಯಿಲೆ ಅಂದರೆ ಆ ತೊಟ್ಟಿ.

ಕೇರೆ ಹೇಗೆ ಬದುಕುವ ಹಾವು ಅಂತ ಸ್ವಲ್ಪ ಹೇಳಬೇಕು, ಆಗ ಉಳಿದದ್ದು ಅರ್ಥವಾಗುತ್ತದೆ. ಇದು ಹಗಲು ಓಡಾಡುವ ಹಾವು. ಬೆಳೆದದ್ದು ಸಾಮಾನ್ಯವಾಗಿ ಐದಾರು ಅಡಿ, ಅದಕ್ಕಿಂತ ಉದ್ದ ಇರುವುದೂ ಉಂಟು. ಕೊಳಕುಮಂಡಲದ ಹಾಗೆ ಒಂದು ಕಡೆ ಬಿದ್ದುಕೊಂಡು ಬೇಟೆ ತಾನಾಗಿ ಬರಲಿ ಅಂತ ಕಾಯುವುದಿಲ್ಲ. ಬಿಲದಿಂದ ಬಿಲಕ್ಕೆ, ಬೇಲಿಯಿಂದ ಬೇಲಿಗೆ ಹುಡುಕಿಕೊಂಡು ಹೋಗುತ್ತದೆ. ಮರ ಹತ್ತುತ್ತದೆ, ಈಜುತ್ತದೆ. ಇಲಿ, ಕಪ್ಪೆ, ಓತಿಕ್ಯಾತ, ಹಕ್ಕಿಮರಿ, ಏನು ಸಿಕ್ಕರೂ ಆಯಿತು. ಹೆಬ್ಬಾವಿನ ಹಾಗೆ ಸುತ್ತಿ ಬಿಗಿದು ಕೊಲ್ಲುವುದಿಲ್ಲ, ನಾಗರದ ಹಾಗೆ ವಿಷವೂ ಇಲ್ಲ. ಮೈಭಾರದಿಂದ ನೆಲಕ್ಕೋ ಗೋಡೆಗೋ ಒತ್ತಿ ಹಿಡಿದು ಹಾಗೇ ನುಂಗುತ್ತದೆ. ಕಣ್ಣು ಬಹಳ ಚುರುಕು. ತೋಟದಲ್ಲಿ ನಾವು ಅದನ್ನು ನೋಡುವ ಮೊದಲೇ ಅದು ನಮ್ಮನ್ನು ನೋಡಿರುತ್ತದೆ. ಬೇಗ ನೋಡಬೇಕು, ಬೇಗ ಓಡಬೇಕು. ಅದು ಉಳಿದುಕೊಂಡು ಬಂದಿರುವುದೇ ಹೀಗೆ.

ಇಂಥದ್ದನ್ನು ಗಾಜಿನ ತೊಟ್ಟಿಯಲ್ಲಿ ಇಟ್ಟರೆ ನೋಡುವ ಕಣ್ಣಿಗೆ ಬಿಡುವಿಲ್ಲ, ಓಡುವ ಮೈಗೆ ಜಾಗ ಇಲ್ಲ. ಮನೆಯವರ ಓಡಾಟ, ಟಿವಿಯ ಬೆಳಕು, ನೋಡಲು ಬಂದ ಪಕ್ಕದ ಮನೆ ಮಕ್ಕಳು, ಎಲ್ಲವೂ ಅದಕ್ಕೆ ಕಾಣುತ್ತವೆ. ಗಾಜು ಅಂದರೆ ಏನು ಅಂತ ಹಾವಿಗೆ ಗೊತ್ತಿಲ್ಲ. ಆಚೆ ಕಡೆ ಕಾಣುತ್ತದೆ ಅಂದರೆ ದಾರಿ ಇದೆ ಅಂತಲೇ ಅದರ ಲೆಕ್ಕ. ಬೆಳಕು ಹರಿದ ಕೂಡಲೇ ಮೂತಿ ತಿವಿಯಲು ಶುರು ಮಾಡುತ್ತದೆ. ಗಾಜಿಗೆ ತಿವಿದು ಸಾಕಾದರೆ ಜಾಲರಿಗೆ ಉಜ್ಜುತ್ತದೆ. ಕಬ್ಬಿಣದ ಜಾಲರಿ ಹಾವಿನ ಮೂತಿಗೆ ತುರಿಮಣೆ ಇದ್ದ ಹಾಗೆ.

ಕೆಲವು ವರ್ಷದ ಹಿಂದೆ ಹೀಗೇ ಜಾಲರಿ ಪಂಜರದಲ್ಲಿ 11 ದಿನ ಇದ್ದ ಒಂದು ಕೇರೆಯನ್ನು ನನ್ನ ಬಳಿ ತಂದರು. ಮೂತಿಯ ಮುಂದಿನ ಹುರುಪೆ ಪೂರ್ತಿ ಹೋಗಿತ್ತು. ಒಳಗಿನ ಎಲುಬು ಅಕ್ಕಿಕಾಳಿನ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಬಾಯಿ ಬಿಡಿಸಿ ನೋಡಿದರೆ ಒಸಡಿನ ಉದ್ದಕ್ಕೂ ಗಿಣ್ಣಿನ ಹಾಗೆ ಹಳದಿ ಗಟ್ಟಿ. ಅದು ಕೀವು. ಹಾವಿನ ಕೀವು ನಮ್ಮದರ ಹಾಗೆ ಸೋರಿ ಹೋಗುವುದಿಲ್ಲ, ಗಟ್ಟಿಯಾಗಿ ಕೂತುಬಿಡುತ್ತದೆ. ಸ್ವಲ್ಪ ಸ್ವಲ್ಪವೇ ಬಿಡಿಸಿ ತೆಗೆಯಬೇಕು. ಆ ಹಾವು ಬದುಕಿತು. ಆದರೆ ಎರಡೂವರೆ ತಿಂಗಳು ಬೇಕಾಯಿತು, ಅದರಲ್ಲಿ ಮೊದಲ ಒಂದು ತಿಂಗಳು ನನಗೆ ಧೈರ್ಯವೇ ಇರಲಿಲ್ಲ. ನಿಮ್ಮ ಹಾವಿನ ಮೂತಿ ಫೋಟೋದಲ್ಲಿ ಅಷ್ಟು ಕೆಟ್ಟಿಲ್ಲ. ಮೇಲಿನ ಚರ್ಮ ಹೋಗಿದೆ, ಎಲುಬು ಕಾಣುತ್ತಿಲ್ಲ. ಬಾಯೊಳಗೆ ಏನಿದೆ ಅಂತ ಫೋಟೋದಲ್ಲಿ ಗೊತ್ತಾಗುವುದಿಲ್ಲ. ನೀವು ಬಾಯಿ ಬಿಡಿಸಿ ನೋಡಲು ಹೋಗಬೇಡಿ, ಹಲ್ಲು ಮುರಿಯುತ್ತದೆ.

ಹೊರಗೆ ಕಾಣದ ತೊಂದರೆ ಹೊಟ್ಟೆಯದು. ಹೊರಗಿನಿಂದ ಹಿಡಿದ ಕೇರೆ ಅಂದರೆ ಒಳಗೆ ಹುಳು ಇದೆ ಅಂತಲೇ ನಾವು ಲೆಕ್ಕ ಹಾಕುತ್ತೇವೆ. ಕಪ್ಪೆ, ಇಲಿ ತಿಂದು ಬೆಳೆದ ಪ್ರಾಣಿ ಅಲ್ವಾ. ಸ್ವತಂತ್ರವಾಗಿ ಇರುವಾಗ ಹಾವಿಗೂ ಹುಳಕ್ಕೂ ಒಂದು ಹೊಂದಾಣಿಕೆ ಇರುತ್ತದೆ. ಹೆದರಿಕೆ ವಾರಗಟ್ಟಲೆ ಎಳೆದರೆ ಮೈಯ ಶಕ್ತಿ ಕುಗ್ಗುತ್ತದೆ, ಹುಳದ ಕೈ ಮೇಲಾಗುತ್ತದೆ. ಶ್ವಾಸಕೋಶದಲ್ಲಿ ಕೂರುವ ಹುಳುಗಳೂ ಇವೆ. ಹೊರಗಡೆ ಉಣ್ಣೆ ಕಚ್ಚಿಕೊಂಡಿರಬಹುದು. ನೀರಿನ ಬಟ್ಟಲಿನ ತಳದಲ್ಲಿ ಗಸಗಸೆಯಷ್ಟು ದೊಡ್ಡ ಕರಿ ಚುಕ್ಕೆಗಳು ಬಿದ್ದಿದ್ದರೆ ಅದು ಹಾವಿನ ಮೈಯ ನುಸಿ. ಹಾಗಂತ ನಾಯಿಗೆ ಕೊಡುವ ಹುಳದ ಮಾತ್ರೆ ಪುಡಿ ಮಾಡಿ ಹಾಕಬೇಡಿ. ಹಾವಿನ ಮೈ ಔಷಧಿಯನ್ನು ಬಹಳ ನಿಧಾನವಾಗಿ ಹೊರಹಾಕುತ್ತದೆ. ನಾವು ಕೊಡುವ ಒಂದು ಆಂಟಿಬಯೋಟಿಕ್ ಇಂಜೆಕ್ಷನ್ ಮೂರು ದಿನಕ್ಕೆ ಒಂದೇ ಸಲ. ಮೈಯಲ್ಲಿ ನೀರು ಬತ್ತಿರುವ ಹಾವಿಗೆ ತೂಕ ನೋಡದೆ ಔಷಧಿ ಕೊಟ್ಟರೆ ಮೊದಲು ಹಾಳಾಗುವುದು ಮೂತ್ರಪಿಂಡ.

ಶಾಖದ ವಿಷಯವೂ ಇದೆ. ಹಾವು ತನ್ನ ಮೈಯನ್ನು ತಾನೇ ಬೆಚ್ಚಗೆ ಮಾಡಿಕೊಳ್ಳಲಾರದು. ಹೊರಗಿದ್ದರೆ ಬಿಸಿಲಿಗೆ ಬರುತ್ತದೆ, ಜಾಸ್ತಿಯಾದರೆ ಬಿಲಕ್ಕೆ ಇಳಿಯುತ್ತದೆ. ನಾವು ಚಿಕಿತ್ಸೆಯಲ್ಲಿ ಇಡುವಾಗ ಪೆಟ್ಟಿಗೆಯ ಒಂದು ತುದಿ 30ರಿಂದ 32 ಡಿಗ್ರಿ, ಇನ್ನೊಂದು ತುದಿ 25ರ ಸುತ್ತ ಇರುವ ಹಾಗೆ ನೋಡಿಕೊಳ್ಳುತ್ತೇವೆ. ಎಲ್ಲಿ ಇರಬೇಕು ಅಂತ ಹಾವೇ ಆರಿಸಿಕೊಳ್ಳುತ್ತದೆ. ಗ್ರಾನೈಟ್ ನೆಲದ ಮೇಲಿನ ತೊಟ್ಟಿಯಲ್ಲಿ ಆ ಆಯ್ಕೆ ಇಲ್ಲ. ಮೈ ತಣ್ಣಗಿದ್ದಾಗ ತಿಂದರೆ ಇಲಿ ಹೊಟ್ಟೆಯಲ್ಲೇ ಕೊಳೆಯುತ್ತದೆ, ಆಮೇಲೆ ಕಕ್ಕುತ್ತದೆ. ಅದು ತಿನ್ನದೇ ಇದ್ದದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು.

ಈಗ ನೀವು ಇಟ್ಟ ಊಟದ ಬಗ್ಗೆ. ಹಾಲು ಹಾವಿನ ಆಹಾರ ಅಲ್ಲ. ಹಸುವಿನ ಕಾಲಿಗೆ ಸುತ್ತಿಕೊಂಡು ಕೇರೆ ಹಾಲು ಕುಡಿಯುತ್ತದೆ ಅನ್ನುವುದು ಹಳ್ಳಿಯಿಂದ ಹಳ್ಳಿಗೆ ಹೋದ ಮಾತು. ಕೊಟ್ಟಿಗೆಗೆ ಅದು ಬರುವುದು ಹುಲ್ಲಿನ ಅಡಿಯ ಇಲಿಗಾಗಿ. ಹಾವಿಗೆ ಕೆಚ್ಚಲು ಚೀಪುವ ಬಾಯೇ ಇಲ್ಲ, ಹಾಲು ಜೀರ್ಣವೂ ಆಗುವುದಿಲ್ಲ. ದಿನಗಟ್ಟಲೆ ನೀರು ಕಾಣದ ಹಾವು ಮುಂದೆ ಇಟ್ಟದ್ದನ್ನು ಕುಡಿಯುತ್ತದೆ, ಅಷ್ಟೇ. ಬಾಯಿಗೆ ಸುರಿದರೆ ಇನ್ನೂ ಅಪಾಯ. ಹಾವಿನ ಉಸಿರಿನ ಕೊಳವೆ ಬಾಯಿಯ ತಳದಲ್ಲಿ, ಮುಂದುಗಡೆಯೇ ತೆರೆದುಕೊಳ್ಳುತ್ತದೆ. ಸುರಿದದ್ದು ಸೀದಾ ಶ್ವಾಸಕೋಶಕ್ಕೆ ಹೋಗಬಹುದು, ಕೆಮ್ಮಿ ಹೊರಹಾಕಲು ನಮ್ಮ ಹಾಗೆ ಅದಕ್ಕೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ, ಇಲ್ಲ. ಮೊಟ್ಟೆಗೂ ಇದೇ ಮಾತು. ನೀವು ಸುಮ್ನೆ ಇಟ್ಟಿದ್ದೀರಿ, ಸುರಿದಿಲ್ಲ, ಒಳ್ಳೆಯದಾಯಿತು.

ಬೋನಿನ ಇಲಿ ಇನ್ನೂ ತೊಟ್ಟಿಯಲ್ಲಿ ಇದ್ದರೆ ಇದನ್ನು ಓದುವುದು ನಿಲ್ಲಿಸಿ, ಮೊದಲು ಅದನ್ನು ತೆಗೆಯಿರಿ. ಹೆದರಿ ಸುರುಳಿ ಸುತ್ತಿ ಕೂತ ಹಾವನ್ನು ಇಲಿ ಕಡಿಯುತ್ತದೆ. ರಾತ್ರಿ ಬೆನ್ನಿನ ಮಾಂಸ ಕಾಣುವವರೆಗೆ ಕಡಿದದ್ದಕ್ಕೆ ನಾನು ಹೊಲಿಗೆ ಹಾಕಿದ್ದೇನೆ. ಜೊತೆಗೆ ನಮ್ಮ ಬಡಾವಣೆಗಳ ಇಲಿ ಯಾರ ಮನೆಯ ಪಾಷಾಣ ತಿಂದು ಬಂದಿದೆಯೋ ಯಾರಿಗೆ ಗೊತ್ತು. ಆ ವಿಷ ಇಲಿಯ ಮೈಯಲ್ಲಿ ಉಳಿದು ಹಾವಿಗೂ ಹೋಗುತ್ತದೆ.

ಕಣ್ಣಿನ ವಿಷಯದಲ್ಲಿ ನೆಮ್ಮದಿಯಾಗಿರಿ. ಕುರುಡಲ್ಲ, ಪೊರೆ ಬಿಡುವ ಸಮಯ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೂ ಒಂದು ತೆಳು ಪೊರೆ ಇರುತ್ತದೆ. ಹಳೆಯದಕ್ಕೂ ಹೊಸದಕ್ಕೂ ನಡುವೆ ನೀರಿನಂಥ ದ್ರವ ತುಂಬಿದಾಗ ಕಣ್ಣು ನೀಲಿ ಬೂದಿಯ ಹಾಗೆ ಮಸುಕಾಗುತ್ತದೆ. ಕೆಲವು ದಿನಕ್ಕೆ ಮತ್ತೆ ತಿಳಿಯಾಗುತ್ತದೆ, ಅದಾದ ಮೇಲೆ ಪೊರೆ ಕಳಚುತ್ತದೆ. ಈ ಹೊತ್ತಿನಲ್ಲಿ ಸರಿಯಾಗಿ ಕಾಣದ ಕಾರಣ ಅದು ಇನ್ನೂ ಜಾಸ್ತಿ ಹೆದರುತ್ತದೆ, ಬೇಗ ಕಚ್ಚುತ್ತದೆ, ಆರೋಗ್ಯದ ಹಾವೂ ಊಟ ಬಿಡುತ್ತದೆ. ಪೊರೆಯನ್ನು ಕೈಯಿಂದ ಎಳೆಯಬೇಡಿ. ಮೈ ಒಣಗಿದ ಹಾವಿನಲ್ಲಿ ಅದು ತುಂಡು ತುಂಡಾಗಿ ಬರುತ್ತದೆ, ಕಣ್ಣಿನ ಮೇಲಿನದು ಹಾಗೇ ಉಳಿದುಬಿಡಬಹುದು. ಅದನ್ನು ಚಿಮಟದಲ್ಲಿ ಕೀಳಲು ಹೋಗಿ ಕಣ್ಣನ್ನೇ ಕಳೆದವರಿದ್ದಾರೆ.

ಅತ್ತೆಯವರಿಗೆ ಹೇಳಿ, ಬಾಲದಲ್ಲಿ ವಿಷ ಇಲ್ಲ. ಹಿಡಿದಾಗ ಬಾಲ ಬೀಸುತ್ತದೆ, ಗಂಟಲಿನಿಂದ ಗುರ್ ಅನ್ನುವ ಸದ್ದು ಮಾಡುತ್ತದೆ, ಕುತ್ತಿಗೆ ಉಬ್ಬಿಸುತ್ತದೆ. ಎಲ್ಲ ಹೆದರಿಸುವ ಆಟ. ಕಚ್ಚುವುದು ಮಾತ್ರ ನಿಜ, ರಕ್ತ ಬರುತ್ತದೆ. ಸೋಪು ಹಾಕಿ ಚೆನ್ನಾಗಿ ತೊಳೆದು, ಧನುರ್ವಾಯು ಇಂಜೆಕ್ಷನ್ ಹಾಕಿಸಿಕೊಂಡು ಬಹಳ ದಿನ ಆಗಿದ್ದರೆ ಹಾಕಿಸಿಕೊಳ್ಳಬೇಕು. ಅತ್ತೆಯ ಎಚ್ಚರಿಕೆಯಲ್ಲಿ ಒಂದು ಭಾಗ ನಾನೂ ಒಪ್ಪುತ್ತೇನೆ. ಹಾವಿನ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ, ಅದು ವಯಸ್ಸಾದವರಿಗೆ, ಮಕ್ಕಳಿಗೆ ಜೋರು ಭೇದಿ ತರಬಲ್ಲದು. ತೊಟ್ಟಿ, ಬಟ್ಟಲುಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಇನ್ನು ಮಗನ ವಿಡಿಯೋ. ಹೆಸರು ಒಂದೇ, ಪ್ರಾಣಿ ಬೇರೆ. ಅಮೆರಿಕದಲ್ಲಿ ಸಾಕುವ ರ‍್ಯಾಟ್ ಸ್ನೇಕ್, ಕಾರ್ನ್ ಸ್ನೇಕ್ ಬೇರೆ ಕುಲದವು. ಬೇಟೆಯನ್ನು ಸುತ್ತಿ ಕೊಲ್ಲುವ, ಸಮಾಧಾನದ ಹಾವುಗಳು. ವಿಡಿಯೋದಲ್ಲಿ ಕೈಮೇಲೆ ಆಡುವುದು ಹೆಚ್ಚಾಗಿ ತಲೆತಲಾಂತರದಿಂದ ಪೆಟ್ಟಿಗೆಯಲ್ಲೇ ಮರಿಯಾಗಿ ಬೆಳೆದದ್ದು. ಮೊಟ್ಟೆಯೊಡೆದ ದಿನದಿಂದ ಮನುಷ್ಯರ ಕೈ ನೋಡಿದ ಹಾವಿಗೂ, ತಲಘಟ್ಟಪುರದ ಪೊದೆಯಲ್ಲಿ ಬೆಳೆದು ದೊಡ್ಡದಾದ ಕೇರೆಗೂ ಹೋಲಿಕೆ ಇಲ್ಲ. ಬೆಳೆದ ಮೇಲೆ ಹಿಡಿದ ಕೇರೆ ಒಗ್ಗಿಕೊಂಡಿತು ಅಂತ ಜನ ನನಗೆ ಹೇಳಿದಾಗಲೆಲ್ಲ ಹೋಗಿ ನೋಡಿದ್ದೇನೆ. ಬಹಳಷ್ಟು ಸಲ ಅದು ಒಗ್ಗಿದ್ದಲ್ಲ, ಸೋತು ಸುಮ್ಮನಾದದ್ದು. ಮುಟ್ಟಿದರೆ ಓಡುವುದಿಲ್ಲ, ನಾಲಿಗೆ ಚಾಚುವುದಿಲ್ಲ, ಬೆನ್ನಿನ ಮೂಳೆಯ ಸಾಲು ಎದ್ದು ಕಾಣುತ್ತದೆ.

ಕಾನೂನಿನ ಮಾತನ್ನೂ ಹೇಳಲೇಬೇಕು. ನಮ್ಮ ನಾಡಿನ ಯಾವ ಹಾವನ್ನೂ ಮನೆಯಲ್ಲಿ ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಿಡಿಯುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ. 2022ರ ತಿದ್ದುಪಡಿಯಲ್ಲಿ ಕೇರೆಯನ್ನು ಮೊದಲ ಅನುಸೂಚಿಗೆ ಸೇರಿಸಿದ್ದಾರೆ, ಹುಲಿ ಆನೆ ಇರುವ ಪಟ್ಟಿ ಅದು. ಇಂಥ ಪ್ರಾಣಿ ಹೇಗೋ ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಆ ಗಡುವು ನಿಮ್ಮಲ್ಲಿ ದಾಟಿದೆ. ಹೆದರಿಸಲು ಹೇಳುತ್ತಿಲ್ಲ. ಇವತ್ತು ನೀವಾಗಿ ಫೋನ್ ಮಾಡಿ ನಡೆದದ್ದು ನಡೆದ ಹಾಗೆ ಹೇಳುವುದಕ್ಕೂ, ಇನ್ನು ಮೂರು ತಿಂಗಳಿಗೆ ಯಾರೋ ದೂರು ಕೊಟ್ಟು ಬಾಗಿಲು ತಟ್ಟುವುದಕ್ಕೂ ಬಹಳ ವ್ಯತ್ಯಾಸ ಇದೆ. ಹಾವು ಒಪ್ಪಿಸಲು ಬಂದವರ ಜೊತೆ ನಾನು ಎಷ್ಟೋ ಸಲ ನಿಂತಿದ್ದೇನೆ. ಅಲ್ಲಿ ಮೊದಲು ಕೇಳುವುದು ಎಲ್ಲಿ ಸಿಕ್ಕಿತು, ಏನಾಗಿದೆ ಅಂತ.

ಹಾಗಾದರೆ ಮುಂದೇನು? ಸಾಕುವ ದಾರಿ ಇಲ್ಲ ಅಂತ ಮೇಲೆ ಹೇಳಿದ್ದೆಲ್ಲ ಸೇರಿ ಆಯಿತು. ಕತ್ತಲಾದ ಮೇಲೆ ಸುಮ್ಮನೆ ಬಿಟ್ಟುಬಿಡೋಣ ಅಂತ ನಿಮಗೆ ಅನ್ನಿಸುತ್ತಿರಬಹುದು. ತುರಹಳ್ಳಿ ಕಾಡು ಹತ್ತಿರವೇ ಇದೆ. ಈ ಯೋಚನೆಯಲ್ಲಿ ಎರಡು ಅಪಾಯ. ಬಾಯಿಗೆ ಸೋಂಕು ಇಳಿದಿದ್ದರೆ, ಪೊರೆ ಮುಗಿಯದೆ ಸರಿಯಾಗಿ ಕಾಣದಿದ್ದರೆ, ಅದು ಬೇಟೆಯಾಡಲಾರದು. ನಿಮ್ಮ ಕಣ್ಣಿಗೆ ಕಾಣದ ಕಡೆ ಸಾಯುತ್ತದೆ, ಹದ್ದಿಗೋ ಮುಂಗುಸಿಗೋ ಸಿಗುತ್ತದೆ. ಇನ್ನೊಂದು, ಕಾಡು ಅಂದ ಕೂಡಲೇ ಹಾವಿಗೆ ಮನೆ ಅಲ್ಲ. ತನ್ನ ಜಾಗದಲ್ಲಿ ಯಾವ ಬಿಲ ಎಲ್ಲಿದೆ, ನೀರು ಎಲ್ಲಿ, ಬಿಸಿಲು ಎಲ್ಲಿ ಬೀಳುತ್ತದೆ ಅಂತ ಅದಕ್ಕೆ ಗೊತ್ತಿರುತ್ತದೆ. ಆಗುಂಬೆಯಲ್ಲಿ ಕಾಳಿಂಗ ಸರ್ಪಗಳ ಮೈಯೊಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ಹಿಂಬಾಲಿಸಿದಾಗ, ದೂರ ಒಯ್ದು ಬಿಟ್ಟ ಹಾವು ನೆಲೆ ಸಿಗದೆ ಬಹಳ ದೂರ ಅಲೆದದ್ದು ಕಂಡಿತು. ಊರ ಹಾವಿಗೆ ಅಂಥ ಅಲೆದಾಟ ಅಂದರೆ ರಸ್ತೆ ದಾಟುವುದು, ನಾಯಿ, ಮತ್ತೆ ದೊಣ್ಣೆ.

ಉಳಿದದ್ದು ಒಪ್ಪಿಸುವುದು. ನಿಮ್ಮ ಕಡೆಗೆ ಹತ್ತಿರದ್ದು ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ. ಅರಣ್ಯ ಇಲಾಖೆಯ ಸಹಾಯವಾಣಿ 1926. ಫೋನ್ ಮಾಡಿ, ಅವರೇ ಬರುತ್ತಾರೋ ನೀವು ತರಬೇಕೋ ಕೇಳಿ. ಇದರಲ್ಲೂ ಕಷ್ಟ ಇಲ್ಲವೆಂದಲ್ಲ. ಪ್ರಯಾಣ ಹಾವಿಗೆ ಇನ್ನೊಂದು ಹೆದರಿಕೆ. ಮೂತಿ ಮಾಯುವವರೆಗೆ ವಾರಗಟ್ಟಲೆ ಅಲ್ಲೇ ಇರಬೇಕಾಗಬಹುದು. ಬಾಯಿ ಒಳಗಿನಿಂದ ಕೆಟ್ಟಿದ್ದರೆ ಉಳಿಯದೆಯೂ ಹೋಗಬಹುದು. ಆದರೂ ಬದುಕುವ ಅವಕಾಶ ಜಾಸ್ತಿ ಇರುವುದು ಇದರಲ್ಲೇ.

ಇವತ್ತೇ ಕರೆದೊಯ್ಯಲು ಆಗದಿದ್ದರೆ ಈ ರಾತ್ರಿಗೆ ಇಷ್ಟು ಮಾಡಿ. ಒಳಗೆ ಕಾಣದಂಥ ದೊಡ್ಡ ಪ್ಲಾಸ್ಟಿಕ್ ಡಬ್ಬ, ಬಟ್ಟೆ ತುಂಬಿಡಲು ಬಳಸುತ್ತೀರಲ್ಲ, ಚಿಲಕ ಇರುವ ಮುಚ್ಚಳದ್ದು, ಅದನ್ನು ತೆಗೆದುಕೊಳ್ಳಿ. ಗಾಳಿಗೆ ತೂತು ಮಾಡುವಾಗ ಒಳಗಿನಿಂದ ಹೊರಗೆ ಚುಚ್ಚಿ, ಚೂಪು ಅಂಚು ಹೊರಗಡೆ ಉಳಿಯಲಿ. ತಳಕ್ಕೆ ನ್ಯೂಸ್‌ಪೇಪರ್. ಒಂದು ರಟ್ಟಿನ ಪೆಟ್ಟಿಗೆಗೆ ಮುಷ್ಟಿಯಷ್ಟು ತೂತು ಕೊರೆದು ಬೋರಲು ಹಾಕಿ. ಹಾವು ಅದರೊಳಗೆ ಹೋಗಿ ಸುರುಳಿ ಸುತ್ತಿದ ಮೇಲೆ ಮೂತಿ ತಿವಿಯುವುದು ನಿಲ್ಲುತ್ತದೆ, ನೋಡಿ. ಉರುಳದಂಥ ಭಾರದ ಬಟ್ಟಲಲ್ಲಿ ನೀರು ಇಡಿ. ಹಾಲು, ಗ್ಲೂಕೋಸ್ ಏನೂ ಬೇಡ. ಡಬ್ಬ ಬಿಸಿಲು ಬೀಳದ, ತಂಪು ಹೊಡೆಯದ ಕೋಣೆಯಲ್ಲಿ ಇರಲಿ, ಬಾಗಿಲು ಹಾಕಿ. ಮೂತಿಗೆ ಅರಿಶಿನ, ವ್ಯಾಸಲೀನ್, ಮುಲಾಮು ಹಚ್ಚಬೇಡಿ, ಮೂಗಿನ ಹೊಳ್ಳೆ ಕಟ್ಟಿಕೊಳ್ಳುತ್ತದೆ. ಮುಚ್ಚಳ ತೆಗೆದು ತೆಗೆದು ನೋಡಬೇಡಿ. ಆದರೆ ಬಾಯಿ ತೆರೆದುಕೊಂಡೇ ಉಸಿರಾಡುತ್ತಿದ್ದರೆ, ಬಾಯಲ್ಲಿ ನೊರೆ ಗುಳ್ಳೆ ಬಂದರೆ, ತಲೆಯನ್ನು ಮೇಲಕ್ಕೆತ್ತಿ ಹಾಗೇ ಹಿಡಿದುಕೊಂಡಿದ್ದರೆ, ಬೆಳಗಿನವರೆಗೆ ಕಾಯದೆ ಆ ಕ್ಷಣವೇ ಫೋನ್ ಮಾಡಿ.

ಹೋಗುವ ಮುನ್ನ ಏನೂ ತಿನ್ನಿಸಬೇಡಿ, ದಾರಿಯಲ್ಲಿ ಕಕ್ಕುತ್ತದೆ. ಡಬ್ಬ ಹಿಂದಿನ ಸೀಟಿನ ಕೆಳಗೆ, ಅಲುಗದ ಹಾಗೆ ಇರಲಿ. ಎಸಿ ಗಾಳಿ ಅದರ ಕಡೆ ಬೀಸದಿರಲಿ. ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಇಳಿಯಬೇಡಿ. ಮತ್ತೆ ಒಂದು ಚೀಟಿ ಬೇಕು. ಹಾವು ಸಿಕ್ಕಿದ ಸೈಟು ಯಾವ ಬೀದಿಯದು, ಯಾವ ದಿನ, ಅದರ ಸುತ್ತ ಇನ್ನೂ ಖಾಲಿ ಉಳಿದಿರುವ ಜಾಗ ಯಾವುದು, ಹತ್ತಿರದಲ್ಲಿ ರಾಜಕಾಲುವೆಯೋ ತೋಟವೋ ಇದೆಯಾ, ಇಷ್ಟು ಬರೆದು ಮುಚ್ಚಳಕ್ಕೆ ಅಂಟಿಸಿ. ವಾಸಿಯಾದ ಮೇಲೆ ಅದನ್ನು ಎಲ್ಲಿ ಬಿಡಬೇಕು ಅಂತ ಅಲ್ಲಿಯವರು ಆ ಚೀಟಿ ನೋಡಿಯೇ ತೀರ್ಮಾನಿಸುತ್ತಾರೆ. ಅದನ್ನು ನಿಮ್ಮ ಮಗನೇ ಬರೆಯಲಿ, ಆ ಜಾಗ ಅವನಿಗೇ ಚೆನ್ನಾಗಿ ಗೊತ್ತು.